ಭೂಮಿ ಸುತ್ತುವ ಟಿಕೆಟ್: ಸ್ಟಾರ್ ಅಲಯನ್ಸೋ, ಒನ್‌ವರ್ಲ್ಡೋ?

ವಿಮಾನ ಕಂಪನಿಯ ಗೋಲ್ಡ್ ಕಾರ್ಡಿಗಾಗಿ ಭೂಮಿ ಸುತ್ತುವುದು ಹುಚ್ಚು ಅನ್ನುವವರ ಜೊತೆ ನನಗೇನೂ ಜಗಳವಿಲ್ಲ. ಆದರೆ ಸುತ್ತುವುದು ಹೇಗೂ ನಿಕ್ಕಿಯಾಗಿದ್ದರೆ, ಯಾವ ಟಿಕೆಟ್ಟಿನಿಂದ ಸ್ಟೇಟಸ್ (ಹೆಚ್ಚು ಹಾರುವವರಿಗೆ ಕಂಪನಿ ಕೊಡುವ ಸಿಲ್ವರ್, ಗೋಲ್ಡ್‌ನಂಥ ದರ್ಜೆ) ಬೇಗ ಕೈಗೆ ಸಿಗುತ್ತದೆ ಎಂದು ನೋಡಿಕೊಳ್ಳುವುದು ಜಾಣತನ. ಸ್ಟಾರ್ ಅಲಯನ್ಸ್, ಒನ್‌ವರ್ಲ್ಡ್ ಎಂಬ ಎರಡು ವಿಮಾನ ಕಂಪನಿ ಕೂಟಗಳಲ್ಲೂ ಇಂಥ ಟಿಕೆಟ್ ಇದೆ. ನಾನು ಎರಡರಲ್ಲೂ ಬೆಂಗಳೂರಿನಿಂದ ಹೊರಟು ಸುತ್ತಿ ಬಂದವನು, ಎರಡೂ ಸಲ ಬಿಸಿನೆಸ್ ಕ್ಲಾಸ್.

ಹೊರನೋಟಕ್ಕೆ ಎರಡೂ ಒಂದೇ. ಖಂಡದಿಂದ ಖಂಡಕ್ಕೆ ಹೋಗುವ ದಿಕ್ಕು ಒಂದೇ ಇರಬೇಕು, ಅಟ್ಲಾಂಟಿಕ್ ಒಮ್ಮೆ, ಪೆಸಿಫಿಕ್ ಒಮ್ಮೆ ದಾಟಬೇಕು, ಹೊರಟ ದೇಶಕ್ಕೇ ಮರಳಬೇಕು. ಗರಿಷ್ಠ 16 ವಿಮಾನ, ಒಂದು ವರ್ಷದ ಗಡುವು. ವ್ಯತ್ಯಾಸ ಇರುವುದು ದರ ಕಟ್ಟುವ ರೀತಿಯಲ್ಲಿ. ಸ್ಟಾರ್‌ನವರು ಮೈಲಿ ಎಣಿಸುತ್ತಾರೆ: 29,000, 34,000, 39,000 ಎಂಬ ಹಂತಗಳು. ನಡುವೆ ರೈಲಿನಲ್ಲೋ ಬಸ್ಸಿನಲ್ಲೋ ಹೋದ ದೂರವೂ ಆ ಲೆಕ್ಕಕ್ಕೇ ಸೇರುತ್ತದೆ. ಒನ್‌ವರ್ಲ್ಡ್‌ನವರ ಎಕ್ಸ್‌ಪ್ಲೋರರ್ ಎಂಬ ಟಿಕೆಟ್ಟಿನಲ್ಲಿ ಎಣಿಸುವುದು ಖಂಡಗಳನ್ನು, ಮೂರರಿಂದ ಆರರವರೆಗೆ. ಖಂಡದೊಳಗೆ ಎಷ್ಟು ದೂರ ಹಾರಿದಿರಿ ಎಂದು ಯಾರೂ ಕೇಳುವುದಿಲ್ಲ.

ಸ್ಟಾರ್‌ನಲ್ಲಿ ನನ್ನ ಹಾದಿ ಬೆಂಗಳೂರು, ಫ್ರಾಂಕ್‌ಫರ್ಟ್, ಟೊರಾಂಟೊ, ಸ್ಯಾನ್ ಫ್ರಾನ್ಸಿಸ್ಕೊ, ಟೋಕಿಯೊ, ಸಿಂಗಾಪುರ, ಮತ್ತೆ ಬೆಂಗಳೂರು. ನೇರ, ಚೊಕ್ಕ ಹಾದಿ, ಒಟ್ಟು ಸುಮಾರು 21,000 ಮೈಲಿ. ಮೈಲಿಗಳನ್ನು ಸಿಂಗಾಪುರ್ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಎಂಬ ಮೈಲಿ ಖಾತೆಗೆ ಹಾಕಿಸಿದೆ. ಅಲ್ಲಿ ಎಲೀಟ್ ಸಿಲ್ವರ್‌ಗೆ 25,000, ಗೋಲ್ಡ್‌ಗೆ 12 ತಿಂಗಳಲ್ಲಿ 50,000 ಎಲೀಟ್ ಮೈಲಿ (ದರ್ಜೆಗೆ ಎಣಿಸುವ ಮೈಲಿ) ಬೇಕು. ಬಿಸಿನೆಸ್‌ಗೆ ಹಾರಿದ ದೂರದ 125% ಸಿಗುತ್ತದೆ ಎಂದಿಟ್ಟುಕೊಂಡರೂ 21,000 ಮೈಲಿ 26,000 ಚಿಲ್ಲರೆಯಾಗುತ್ತದೆ. ಅಂದರೆ ಸಿಲ್ವರ್, ಅಷ್ಟೆ. ಸಿಲ್ವರ್ ಕಾರ್ಡಿಗೆ ವಿಮಾನ ನಿಲ್ದಾಣದ ಲೌಂಜ್ ಬಾಗಿಲು ತೆರೆಯುವುದಿಲ್ಲ! ದೊಡ್ಡ ಹಂತವನ್ನೇ ಕೊಂಡು 39,000 ಮೈಲಿಯನ್ನೂ ಹಾರಿ ಮುಗಿಸಿದರೂ ಬರುವುದು 48,750. ಗೋಲ್ಡ್ ಮುಟ್ಟಲು ಸಿಂಗಾಪುರಕ್ಕೆ ಇನ್ನೊಂದು ಸಲ ಹೋಗಿ ಬರಬೇಕು. ದರಕ್ಕೆ ಹಾಕಿದ ಮಿತಿಯೇ ಸ್ಟೇಟಸ್‌ಗೂ ಮಿತಿಯಾಗಿ ಕೂರುತ್ತದೆ, ಈ ಟಿಕೆಟ್ಟಿನ ತೊಡಕೇ ಅದು.

ಒನ್‌ವರ್ಲ್ಡ್‌ನಲ್ಲಿ ಆಟವೇ ಬೇರೆ. ಯೂರೋಪಿಗೆ ಹೋಗಬೇಕಾದವನು ಮೊದಲು ಪೂರ್ವಕ್ಕೆ ಹಾರಿದೆ! ಜಪಾನ್ ಏರ್‌ಲೈನ್ಸ್‌ನಲ್ಲಿ ಬೆಂಗಳೂರಿನಿಂದ ಟೋಕಿಯೊದ ನರಿಟಾ, ಅಲ್ಲಿಂದ ಫಿನ್‌ಏರ್‌ನಲ್ಲಿ ಹೆಲ್ಸಿಂಕಿ. ಬೆಂಗಳೂರಿನಿಂದ ಹೆಲ್ಸಿಂಕಿಗೆ ನೇರ ಗೆರೆ ಎಳೆದರೆ 4,000 ಮೈಲಿ ಚಿಲ್ಲರೆ. ಹೀಗೆ ಬಳಸಿ ಹೋದರೆ 9,000. ಏಷ್ಯಾದೊಳಗಿನ ಓಡಾಟವಾದ್ದರಿಂದ ಟಿಕೆಟ್ ದರ ಒಂದು ರೂಪಾಯಿಯೂ ಏರಲಿಲ್ಲ. ಸ್ಟಾರ್‌ನಲ್ಲಿ ಹೀಗೆ ಮಾಡಿದ್ದರೆ ಮೈಲಿ ಗಂಟಿನಲ್ಲಿ ಕಾಲುಭಾಗ ಅಲ್ಲೇ ಕರಗುತ್ತಿತ್ತು. ಒಂದು ತಮಾಷೆ: 2022ರಿಂದ ರಷ್ಯಾದ ಆಕಾಶ ಮುಚ್ಚಿರುವುದರಿಂದ ಆ ಹೆಲ್ಸಿಂಕಿ ವಿಮಾನ ಉತ್ತರ ಧ್ರುವದ ಕಡೆಯಿಂದ ಬಳಸಿಕೊಂಡು ಹೋಗುತ್ತದೆ, ಹೆಚ್ಚುಕಡಿಮೆ 13 ಗಂಟೆ. ಮೈಲಿ ಕೊಡುವುದು ಮಾತ್ರ ಎರಡು ಊರುಗಳ ನಡುವಿನ ನೇರ ದೂರಕ್ಕೆ. ಸುತ್ತಿದ ಹೆಚ್ಚುವರಿ ದಾರಿ ಲೆಕ್ಕಕ್ಕಿಲ್ಲ, ಆದರೆ ಮಲಗಲು ಮೂರ್ನಾಲ್ಕು ಗಂಟೆ ಹೆಚ್ಚಿಗೆ ಸಿಕ್ಕಿತು.

ಮುಂದೆ ಲಂಡನ್, ನ್ಯೂಯಾರ್ಕ್, ಲಾಸ್ ಏಂಜಲೀಸ್. ಅಲ್ಲಿಂದ ಕ್ವಾಂಟಸ್‌ನಲ್ಲಿ ಮೆಲ್ಬರ್ನ್, ಹೋಬಾರ್ಟ್, ಸಿಡ್ನಿ, ಕೊನೆಗೆ ಸಿಡ್ನಿಯಿಂದ ಸೀದಾ ಬೆಂಗಳೂರು. ಹೋಬಾರ್ಟ್ ಯಾಕೆ ಅಂತೀರಾ? ಕ್ವಾಂಟಸ್ ಗೋಲ್ಡ್‌ಗೆ 700 ಸ್ಟೇಟಸ್ ಕ್ರೆಡಿಟ್ (ದರ್ಜೆಗೆ ಎಣಿಸುವ ಅಂಕ) ಜೊತೆಗೆ ಅವರದೇ ನಾಲ್ಕು ವಿಮಾನ ಹತ್ತಿರಬೇಕೆಂಬ ನಿಯಮವಿದೆ. ಹೋಬಾರ್ಟ್‌ನಿಂದ ಆ ನಾಲ್ಕು ಭರ್ತಿಯಾಯಿತು. ಇಲ್ಲಿ ಕ್ರೆಡಿಟ್ ಸಿಗುವುದು ಪ್ರತಿ ವಿಮಾನಕ್ಕೂ ಪ್ರತ್ಯೇಕವಾಗಿ, ಮಾರ್ಗವನ್ನೂ ಕ್ಲಾಸನ್ನೂ ನೋಡಿ. ಹಾಗಾಗಿ ಸಣ್ಣ ಹಾರಾಟಗಳೂ ಕೈಬಿಡುವುದಿಲ್ಲ. ನಾಲ್ಕು ಖಂಡದ ಒಂದೇ ಟಿಕೆಟ್ಟಿನಲ್ಲಿ 700 ದಾಟಿದೆ. ಈ ಗೋಲ್ಡ್ ಎಂದರೆ ಒನ್‌ವರ್ಲ್ಡ್ ಕೂಟದಲ್ಲಿ ಸಫೈರ್ ಎಂಬ ದರ್ಜೆ. ಎಕಾನಮಿ ಟಿಕೆಟ್ ಇದ್ದರೂ ಬಿಸಿನೆಸ್ ಲೌಂಜ್ ಪ್ರವೇಶವಿದೆ.

ಯಾವ ಖಾತೆಗೆ ಹಾಕಿಸುತ್ತೀರಿ ಎನ್ನುವುದನ್ನು ಟಿಕೆಟ್ ಕೊಳ್ಳುವ ಮೊದಲೇ ತೀರ್ಮಾನಿಸಿ. ಬ್ರಿಟಿಷ್ ಏರ್‌ವೇಸ್ 2025ರ ಏಪ್ರಿಲ್‌ನಿಂದ ತನ್ನ ಟಿಯರ್ ಪಾಯಿಂಟ್‌ಗಳನ್ನು (ಅಲ್ಲಿನ ದರ್ಜೆಯ ಅಂಕ) ಖರ್ಚಿನ ಲೆಕ್ಕಕ್ಕೆ ತಿರುಗಿಸಿದೆ, ಏರ್ ಇಂಡಿಯಾ 2024ರಲ್ಲೇ ಅತ್ತ ಹೊರಳಿತು. ಇಂಥ ಖಾತೆಗಳಲ್ಲಿ ಸುತ್ತುಬಳಸಿನ ಹಾದಿಗೆ ಮೊದಲಿನ ಬೆಲೆಯಿಲ್ಲ.

ನಮ್ಮ ಪಾಸ್‌ಪೋರ್ಟಿನವರಿಗೆ ಒನ್‌ವರ್ಲ್ಡ್‌ನ ಈ ಹಾದಿಯ ನಿಜವಾದ ಬೆಲೆ ವೀಸಾ. ಜಪಾನ್, ಷೆಂಗೆನ್, ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾ, ಐದಕ್ಕೂ ಬೇರೆ ಬೇರೆ ಅರ್ಜಿ, ಬೇರೆ ಬೇರೆ ಶುಲ್ಕ. ಅಮೆರಿಕದ ವೀಸಾ ಮೊದಲೇ ಕೈಯಲ್ಲಿಲ್ಲದಿದ್ದರೆ ಈ ಯೋಜನೆಗೆ ಕೈ ಹಾಕಲೇಬೇಡಿ. ಇದೊಂದರಲ್ಲಿ ಸ್ಟಾರ್ ಕೂಡ ಸುಲಭವಲ್ಲ. ಕೆನಡಾ, ಸಿಂಗಾಪುರ ಅಲ್ಲಿ ಸೇರಿಕೊಳ್ಳುತ್ತವೆ.

ಸ್ಟೇಟಸ್ಸೇ ಗುರಿಯಾದರೆ ನನ್ನ ಮತ ಒನ್‌ವರ್ಲ್ಡ್‌ಗೆ. ಊರು ನೋಡುವುದೇ ಮುಖ್ಯವಾದರೆ ಸ್ಟಾರ್ ಸಾಕು, ಅಡ್ಡಾದಿಡ್ಡಿ ಹಾರುವ ಆಯಾಸವಿಲ್ಲ. ಎಕಾನಮಿಯಲ್ಲಾದರೆ ಸ್ಟೇಟಸ್ ಆಸೆಗೆ ಎರಡೂ ಬೇಡ. ಹೊರಡುವ ದೇಶ ಬದಲಾದರೆ ದರವೂ ಬದಲಾಗುತ್ತದೆ, ಆದ್ದರಿಂದ ಬೆಂಗಳೂರಿನವರು ಕೊಲಂಬೊದಿಂದ ಹೊರಟರೆ ಎಷ್ಟಾಗುತ್ತದೆ ಎಂದೂ ನೋಡಿ. ಮುಗಿಸುವುದೂ ಶ್ರೀಲಂಕಾದಲ್ಲೇ ಎಂಬುದು ನೆನಪಿರಲಿ. ಕ್ಯಾಲಿಫೋರ್ನಿಯಾದಿಂದ ವರ್ಷಕ್ಕೊಮ್ಮೆ ಬಿಸಿನೆಸ್ ಕ್ಲಾಸಿನಲ್ಲಿ ಊರಿಗೆ ಬರುವವರಂತೂ ಹೋಗಿಬರುವ ಟಿಕೆಟ್ಟಿನ ಪಕ್ಕದಲ್ಲಿ ಮೂರು ಖಂಡದ ಎಕ್ಸ್‌ಪ್ಲೋರರ್ ದರವನ್ನೂ ಇಟ್ಟು ನೋಡಬೇಕು: ಪೆಸಿಫಿಕ್ ದಾಟಿ ಬಂದು, ಯೂರೋಪಿನ ಮೇಲೆ ವಾಪಸ್ಸು.