ಕೊಲ್ಲಿ, ಯುರೋಪ್, ಅಮೆರಿಕ: ಭಾರತದ ಪೈಲಟ್ ಲೈಸೆನ್ಸ್ ಎಲ್ಲಿ ನಡೆಯುತ್ತದೆ?

ಡಿಜಿಸಿಎ (ಭಾರತದ ವಿಮಾನಯಾನ ನಿಯಂತ್ರಣ ಸಂಸ್ಥೆ) ಕೊಟ್ಟ ಸಿಪಿಎಲ್, ಅಂದರೆ ಸಂಬಳಕ್ಕೆ ಹಾರುವ ಪೈಲಟ್ ಲೈಸೆನ್ಸ್, ಕೈಯಲ್ಲಿದೆ, ಹೊರದೇಶದಲ್ಲಿ ಹಾರಬೇಕು. ಯಾವ ದಾರಿ ಹಿಡಿಯಬೇಕು?

ಅನುಭವ ಇದ್ದವರಿಗೆ ಕೊಲ್ಲಿ ದೇಶಗಳೇ ಹತ್ತಿರದ ದಾರಿ. ಏರ್‌ಬಸ್ ಎ320 ಅಥವಾ ಬೋಯಿಂಗ್ 737 ವಿಮಾನದಲ್ಲಿ ಸಾಕಷ್ಟು ಗಂಟೆ ಹಾರಿದ್ದರೆ ಕಂಪನಿಯೇ ವೀಸಾ ಮಾಡಿಸುತ್ತದೆ, ಲೈಸೆನ್ಸಿನ ಕೆಲಸಕ್ಕೂ ಜೊತೆಗಿರುತ್ತದೆ. ಬರೀ 200 ಗಂಟೆ ಹಾರಿದ ಹೊಸಬರು ಮಾತ್ರ ಅಲ್ಲಿ ಆಸೆ ಇಟ್ಟುಕೊಳ್ಳಬೇಡಿ.

ಯುರೋಪಿನಲ್ಲಿ ಓದು ಜಾಸ್ತಿ. ಇಎಎಸ್ಎ (ಯುರೋಪಿನ ವಿಮಾನಯಾನ ಸುರಕ್ಷತಾ ಸಂಸ್ಥೆ) ಲೈಸೆನ್ಸಿಗೆ ಎಟಿಪಿಎಲ್‌ನ, ಅಂದರೆ ಏರ್‌ಲೈನ್ ಪೈಲಟ್ ಲೈಸೆನ್ಸಿನ, 13 ವಿಷಯದ ಪರೀಕ್ಷೆ ಬರೆಯಬೇಕು, ಪ್ರತಿಯೊಂದರಲ್ಲೂ 75% ಬರಬೇಕು. ಎಲ್ಲವನ್ನೂ 18 ತಿಂಗಳೊಳಗೆ ಮುಗಿಸಬೇಕು. ಆಮೇಲೆ ಕ್ಲಾಸ್ 1 ಮೆಡಿಕಲ್ (ವೃತ್ತಿಪರ ಪೈಲಟ್‌ಗಳ ಆರೋಗ್ಯ ತಪಾಸಣೆ), ಹಾರಾಟದ ಪರೀಕ್ಷೆ. ಇಷ್ಟಾದರೂ ಹೆಚ್ಚಿನ ಕಂಪನಿಗಳು ಕೇಳುವುದು ಅಲ್ಲಿ ದುಡಿಯುವ ಹಕ್ಕು. ಅದಿಲ್ಲದೆ ಸುಮ್ನೆ ಲಕ್ಷಗಟ್ಟಲೆ ಸುರಿಯಬೇಡಿ ಅಂತ ಕಳಕಳಿಯಿಂದ ಹೇಳುತ್ತೇನೆ.

ಅಮೆರಿಕದಲ್ಲಿ ಗಂಟೆಯೇ ಲೆಕ್ಕ. ಏರ್‌ಲೈನ್ ಸೀಟಿಗೆ ಎಟಿಪಿ (ಅಲ್ಲಿನ ಏರ್‌ಲೈನ್ ಪೈಲಟ್ ಸರ್ಟಿಫಿಕೇಟ್) ಬೇಕು, ಅದಕ್ಕೆ ಸಾಮಾನ್ಯವಾಗಿ 1500 ಗಂಟೆ ಹಾರಿರಬೇಕು. ನಮ್ಮ ಲೈಸೆನ್ಸ್ ತೋರಿಸಿದರೆ ನೇರವಾಗಿ ಸಿಗುವುದು ಪ್ರೈವೇಟ್ ಪೈಲಟ್ ಸರ್ಟಿಫಿಕೇಟ್ ಅಷ್ಟೇ, ಅದರಲ್ಲಿ ಸಂಬಳಕ್ಕೆ ಹಾರುವಂತಿಲ್ಲ. ಗ್ರೀನ್ ಕಾರ್ಡ್ ಇದ್ದವರಿಗೆ ಒಳ್ಳೆಯ ದಾರಿ. ಇಲ್ಲದವರಿಗೆ ಕಷ್ಟ.

ನನ್ನನ್ನು ಕೇಳಿದರೆ, ಹೊಸಬರು ಮೊದಲು ಇಲ್ಲೇ ಗಂಟೆ ಕೂಡಿಸಿ, ಆಮೇಲೆ ಕೊಲ್ಲಿ ನೋಡಿ. ಪೈಲಟ್‌ಗಳ ಇಂಗ್ಲಿಷ್ ಪರೀಕ್ಷೆಯಲ್ಲಿ 1ರಿಂದ 6ರವರೆಗೆ ಮಟ್ಟ ಕೊಡುತ್ತಾರೆ; ಕನಿಷ್ಠ 4 ಇದ್ದರೆ ಸಾಕು, ಆದರೆ 6 ಬಂದರೆ ಮತ್ತೆ ಮತ್ತೆ ಪರೀಕ್ಷೆ ಬರೆಯುವ ತಾಪತ್ರಯ ಇರುವುದಿಲ್ಲ, ಅಲ್ವಾ? ಇಲ್ಲಿನ ಕೆಲಸ ಬಿಡುವ ಮುಂಚೆ ನೋಟಿಸ್ ಅವಧಿ ಎಷ್ಟು ತಿಂಗಳು ಅಂತ ಒಪ್ಪಂದ ತೆಗೆದು ನೋಡಿ.