ಎಕ್ಸ್‌ಆರ್‌ನಲ್ಲಿ ಐಒಎಸ್ 18, ಪಿಕ್ಸೆಲ್ 6ಎಯಲ್ಲಿ ಆಂಡ್ರಾಯ್ಡ್ 15: ಹಳೆಯ ಫೋನಿಗೆ ದಕ್ಕಿದ್ದೆಷ್ಟು?

ನಮ್ಮ ಮನೆಯಲ್ಲಿ ಎರಡು ಹಳೆಯ ಫೋನುಗಳಿವೆ. ತಾಯಿಯವರದು 2018ರ ಐಫೋನ್ ಎಕ್ಸ್‌ಆರ್, ನನ್ನದು 2022ರ ಪಿಕ್ಸೆಲ್ 6ಎ. 2024ರ ಸೆಪ್ಟೆಂಬರ್ 16ರಂದು ಬಿಡುಗಡೆಯಾದ ಐಒಎಸ್ 18 (ಐಫೋನಿನ ಕಾರ್ಯವ್ಯವಸ್ಥೆ) ದೊರೆಯುವ ಫೋನುಗಳ ಪಟ್ಟಿಯಲ್ಲಿ ಎಕ್ಸ್‌ಆರ್‌ನ ಹೆಸರಿತ್ತು. ಅದೇ ಅಕ್ಟೋಬರ್ 15ರಂದು ಪಿಕ್ಸೆಲ್ ಫೋನುಗಳಿಗೆ ಬಂದ ಆಂಡ್ರಾಯ್ಡ್ 15ರ ಪಟ್ಟಿಯಲ್ಲಿ 6ಎ ಕೂಡ ಇತ್ತು. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಆವೃತ್ತಿಯ ಎಲ್ಲ ಸೌಲಭ್ಯಗಳೂ ಸಿಗುತ್ತವೆಯೇ ಎಂಬ ಪ್ರಶ್ನೆಗೆ ಉತ್ತರ ಹುಡುಕಲು, 2025ರ ಏಪ್ರಿಲ್‌ನಲ್ಲಿ ಮೂರು ವಾರ ನಾವಿಬ್ಬರೂ ಫೋನುಗಳನ್ನು ಅದಲುಬದಲು ಮಾಡಿಕೊಂಡೆವು.

ಆ ತಿಂಗಳನ್ನೇ ಆರಿಸಿಕೊಳ್ಳಲು ಕಾರಣವಿತ್ತು. ಮಾರ್ಚ್ 31ರಂದು ಬಂದ ಐಒಎಸ್ 18.4ರಲ್ಲಿ ಕನ್ನಡವೂ ಸೇರಿದಂತೆ ಹತ್ತು ಭಾಷೆಗಳು ಫೋನಿನ ಮುಖ್ಯ ಭಾಷೆಗಳಾಗಿ ಸೇರ್ಪಡೆಯಾದವು. ಅದಕ್ಕೂ ಮೊದಲು ಐಫೋನಿನಲ್ಲಿ ಕನ್ನಡ ಇರಲಿಲ್ಲವೆಂದಲ್ಲ. 2017ರ ಐಒಎಸ್ 11ರಲ್ಲೇ ಕನ್ನಡದ ಕೀಲಿಮಣೆ ಬಂದಿತ್ತು. ಆದರೆ ಕನ್ನಡದಲ್ಲಿ ಬರೆಯಬಹುದಾಗಿದ್ದ ಆ ಫೋನು ತಾನು ಮಾತ್ರ ಇಂಗ್ಲಿಷಿನಲ್ಲೇ ಮಾತನಾಡುತ್ತಿತ್ತು. ಆಂಡ್ರಾಯ್ಡ್ ಈ ವಿಷಯದಲ್ಲಿ ಬಹಳ ಮುಂದಿದೆ: 2014ರ ಆಂಡ್ರಾಯ್ಡ್ 5ರಿಂದಲೇ ಅದರ ಮೆನುಗಳು ಕನ್ನಡದಲ್ಲಿ ಸಿಗುತ್ತಿವೆ. ಒಂದು ದಶಕದ ಈ ಅಂತರ ಬಳಕೆಯಲ್ಲೂ ಕಾಣಿಸುತ್ತದೆ. ಗೂಗಲ್‌ನ ಕೀಲಿಮಣೆ ಆ್ಯಪ್ ಜಿಬೋರ್ಡ್‌ನಲ್ಲಿ 2017ರಿಂದಲೂ ಕನ್ನಡದಲ್ಲಿ ಮಾತನಾಡಿ ಟೈಪು ಮಾಡಿಸುವ ಅನುಕೂಲವಿದೆ. ತಾಯಿಯವರು ಪಿಕ್ಸೆಲ್ ಹಿಡಿದ ಎರಡನೆಯ ದಿನವೇ ಅದನ್ನು ಕಂಡುಕೊಂಡು, ಊರಿನ ತಂಗಿಗೆ ಪುಟಗಟ್ಟಲೆ ಸಂದೇಶ ಕಳಿಸತೊಡಗಿದರು. ಇದು ಆಂಡ್ರಾಯ್ಡ್ 15ರ ಹೊಸತೇನೂ ಅಲ್ಲ, ಆದರೆ ಹೋಲಿಸುವಾಗ ಕೈಬಿಡುವಂಥದ್ದೂ ಅಲ್ಲ.

ಆದರೂ ಐಒಎಸ್ 18ರ ಕನ್ನಡ ನನಗೆ ಹಿಡಿಸಿತು. ಲಾಕ್ ಸ್ಕ್ರೀನ್ ಬದಲಾಯಿಸುವಾಗ ಗಡಿಯಾರದ ಮೇಲೆ ಒತ್ತಿ ಅಂಕಿಗಳ ಲಿಪಿಯನ್ನು ಆರಿಸಿದರೆ ಸಮಯವು ೬:೩೦ ಎಂದು ಕನ್ನಡ ಅಂಕಿಗಳಲ್ಲಿ ದೊಡ್ಡದಾಗಿ ಮೂಡುತ್ತದೆ. ಕೀಲಿಮಣೆಗೆ ವರ್ಣಮಾಲೆಯ ಕ್ರಮದ ಹೊಸ ವಿನ್ಯಾಸವೂ ಸೇರಿದೆ. ಅ ಆ ಇ ಈ ಎಂದು ಕಲಿತವರಿಗೆ ಇದು ಹಳೆಯ ವಿನ್ಯಾಸಕ್ಕಿಂತ ಬೇಗ ಒಗ್ಗುತ್ತದೆ. ಮೆನುಗಳ ಭಾಷೆಯ ಬಗ್ಗೆ ಮಾತ್ರ ತಾಯಿಯವರ ತೀರ್ಪು ಎರಡೂ ಫೋನುಗಳಿಗೆ ಸಮಾನವಾಗಿ ಅನ್ವಯಿಸುವಂತಿತ್ತು. ‘ಸೆಟ್ಟಿಂಗ್‌ಗಳು’ ಎಂಬುದನ್ನು ಓದಿದ ಅವರು, “ಅಕ್ಷರ ನಮ್ಮದು, ಮಾತು ಅವರದೇ ಉಳಿಯಿತಲ್ಲ” ಎಂದರು.

ಗಮನಿಸಬೇಕಾದ ಸಂಗತಿಯೆಂದರೆ ಈ ಕನ್ನಡದ ಸೌಲಭ್ಯಗಳೆಲ್ಲವೂ ಏಳು ವರ್ಷ ಹಳೆಯದಾದ, ಕೇವಲ 3 ಜಿಬಿ ರ‍್ಯಾಮ್ ಇರುವ ಎಕ್ಸ್‌ಆರ್‌ಗೂ ಬಂದವು. ಜಾಹೀರಾತುಗಳಲ್ಲಿ ಮೆರೆದ ಆ್ಯಪಲ್ ಇಂಟೆಲಿಜೆನ್ಸ್ ಎಂಬ ಕೃತಕ ಬುದ್ಧಿಮತ್ತೆಯ ಸೌಲಭ್ಯ ಬರಲಿಲ್ಲ. ಅದಕ್ಕೆ ಕನಿಷ್ಠ ಐಫೋನ್ 15 ಪ್ರೊ ಬೇಕು. ಐಒಎಸ್ 18 ಬಂದಾಗ ಆಗಷ್ಟೇ ಒಂದು ವರ್ಷ ತುಂಬಿದ್ದ ಸಾಧಾರಣ ಐಫೋನ್ 15 ಕೂಡ ಎಕ್ಸ್‌ಆರ್‌ನ ಪಂಕ್ತಿಯಲ್ಲೇ ಕುಳಿತಿತು. ಕಣ್ಣಿನ ಚಲನೆಯಿಂದ ಫೋನನ್ನು ನಡೆಸುವ ಸೌಲಭ್ಯಕ್ಕೆ ಐಫೋನ್ 12 ಅಥವಾ ಅದರ ನಂತರದ ಮಾದರಿ ಬೇಕು. ಕರೆಯನ್ನು ದಾಖಲಿಸುವ ಸೌಲಭ್ಯ 18.1ರಲ್ಲಿ ಎಕ್ಸ್‌ಆರ್‌ಗೂ ದೊರೆಯಿತು, ಆದರೆ ಆ ದಾಖಲೆಯನ್ನು ಬರಹಕ್ಕಿಳಿಸುವ ಭಾಷೆಗಳಲ್ಲಿ ಕನ್ನಡವಿಲ್ಲ. ಪಿಕ್ಸೆಲ್ 6ಎ ಕೂಡ ಫೋನಿನೊಳಗೇ ನಡೆಯುವ ಗೂಗಲ್‌ನ ಜೆಮಿನಿ ನ್ಯಾನೊ ಎಂಬ ಕೃತಕ ಬುದ್ಧಿಮತ್ತೆಯಿಂದ ವಂಚಿತವೇ. ಆದರೆ ಜೆಮಿನಿ ಆ್ಯಪ್ ಕಂಪನಿಯ ಸರ್ವರ್‌ನಲ್ಲಿ ಕೆಲಸ ಮಾಡುವುದರಿಂದಲೂ 2024ರ ಜೂನ್‌ನಿಂದ ಭಾರತದಲ್ಲಿ ಕನ್ನಡವನ್ನು ಬಲ್ಲದ್ದರಿಂದಲೂ ಆ ಕೊರತೆ ನನಗೆ ಅಷ್ಟಾಗಿ ತಟ್ಟಲಿಲ್ಲ.

ಎರಡೂ ಆವೃತ್ತಿಗಳು ಒಂದೇ ವರ್ಷ ಒಂದೇ ಬಗೆಯ ಸಮಸ್ಯೆಗೆ ಕೈಹಾಕಿದ್ದು ಆ್ಯಪ್‌ಗಳನ್ನು ಮರೆಮಾಡುವ ವಿಷಯದಲ್ಲಿ, ಮತ್ತು ಇಲ್ಲಿ ಅವು ಹಿಡಿದ ದಾರಿಗಳು ತೀರ ಬೇರೆ. ಐಒಎಸ್ 18ರಲ್ಲಿ ಆ್ಯಪ್‌ನ ಚಿಹ್ನೆಯನ್ನು ಒತ್ತಿಹಿಡಿದರೆ ಅದಕ್ಕೆ ಮುಖದ ಗುರುತಿನ ಬೀಗ ಹಾಕಬಹುದು, ಬೇಕಿದ್ದರೆ ಆ್ಯಪ್ ಲೈಬ್ರರಿಯ ತುದಿಯಲ್ಲಿರುವ ಗುಪ್ತ ಕಡತಕ್ಕೆ ಸರಿಸಬಹುದು. ಎರಡು ಬಾರಿ ಒತ್ತಿದರೆ ಕೆಲಸ ಮುಗಿಯಿತು. ಆಂಡ್ರಾಯ್ಡ್ 15ರ ‘ಪ್ರೈವೇಟ್ ಸ್ಪೇಸ್’ ಇದ್ದ ಆ್ಯಪ್ ಅನ್ನು ಬಚ್ಚಿಡುವುದಿಲ್ಲ. ಫೋನಿನೊಳಗೆ ಇನ್ನೊಂದು ಕೋಣೆಯನ್ನೇ ಕಟ್ಟಿ, ಬೇಕಿದ್ದರೆ ಅದಕ್ಕೆ ಬೇರೆ ಗೂಗಲ್ ಖಾತೆ ಜೋಡಿಸಿ, ಅಲ್ಲಿ ಆ್ಯಪ್‌ನ ಇನ್ನೊಂದು ಪ್ರತಿಯನ್ನು ಹೊಸದಾಗಿ ಹಾಕಿಕೊಳ್ಳುವಂತೆ ಮಾಡುತ್ತದೆ. ಎರಡನೆಯ ಸಿಮ್‌ನ ವಾಟ್ಸ್‌ಆ್ಯಪ್‌ಗೆ ಇದೇ ಸರಿಯಾದ ಜಾಗವೆಂದು ನಾನು ಹಿಗ್ಗಿದೆ. ಆದರೆ ಆ ಕೋಣೆಗೆ ಬೀಗ ಬಿದ್ದೊಡನೆ ಒಳಗಿನ ಆ್ಯಪ್‌ಗಳು ಸ್ತಬ್ಧವಾಗುತ್ತವೆ, ನೋಟಿಫಿಕೇಶನ್ ಬರುವುದಿಲ್ಲ. ನಾಮಕರಣದ ಅಡುಗೆಯವರು ಬೆಳಿಗ್ಗೆ ಕೇಳಿದ್ದ “ಎಷ್ಟು ಎಲೆ?” ಎಂಬ ಪ್ರಶ್ನೆಯನ್ನು ನಾನು ನೋಡಿದ್ದು ರಾತ್ರಿ ಎಂಟಕ್ಕೆ. ಕೋಣೆ ಕಟ್ಟುವಾಗಲೇ ಈ ಎಚ್ಚರಿಕೆಯನ್ನು ತೋರಿಸಿದ್ದರು. ಓದದೆ ಮುಂದೊತ್ತಿದವನು ನಾನು. ಅಪರೂಪಕ್ಕೆ ತೆರೆಯುವ ಹೂಡಿಕೆಯ ಆ್ಯಪ್‌ಗಳಿಗೆ ಪ್ರೈವೇಟ್ ಸ್ಪೇಸ್ ಭದ್ರ, ದಿನಬಳಕೆಗೆ ಐಫೋನಿನ ಬೀಗವೇ ಮೇಲು.

ಬ್ಯಾಟರಿಯ ವಿಷಯದಲ್ಲಿ ಎರಡೂ ಕಂಪನಿಗಳ ಗೆರೆಗಳು ವಿಚಿತ್ರವಾಗಿವೆ. ಚಾರ್ಜು ಶೇ 80ಕ್ಕೆ ನಿಲ್ಲುವಂತೆ ಮಾಡುವ ಸೌಲಭ್ಯ 2024ರ ಡಿಸೆಂಬರ್‌ನಲ್ಲಿ 6ಎಗೂ ಬಂತು; ಐಫೋನಿನಲ್ಲಿ ಅದು 15ನೆಯ ಸರಣಿ ಮತ್ತು ಅದರ ನಂತರದವಕ್ಕೆ ಮಾತ್ರ. ಅದೇ ಬ್ಯಾಟರಿಯ ಉಳಿದ ಸಾಮರ್ಥ್ಯ ಶೇಕಡಾ ಎಷ್ಟೆಂದು ಎಕ್ಸ್‌ಆರ್ ನೇರವಾಗಿ ಹೇಳುತ್ತದೆ, ಪಿಕ್ಸೆಲ್‌ನಲ್ಲಿ ಆ ಮಾಹಿತಿ 8ಎ ಮತ್ತು ಅದರ ನಂತರದ ಮಾದರಿಗಳಿಗೆ ಮೀಸಲು. ಹೀಗಾಗಿ ಒಂದು ಫೋನು ಬ್ಯಾಟರಿ ಸವೆದದ್ದನ್ನು ತಿಳಿಸುತ್ತದೆಯೇ ಹೊರತು ಸವೆತ ತಗ್ಗಿಸುವ ಮಿತಿಯನ್ನು ಕೊಡುವುದಿಲ್ಲ. ಇನ್ನೊಂದು ಮಿತಿಯನ್ನು ಕೊಡುತ್ತದೆ, ಸವೆದದ್ದೆಷ್ಟೆಂದು ತಿಳಿಸುವುದಿಲ್ಲ. ಬಳಸಿದ 6ಎಯನ್ನು ಕೊಳ್ಳುವವರು ಇನ್ನೊಂದನ್ನು ತಿಳಿದಿರಬೇಕು: ಬ್ಯಾಟರಿ ಮಿತಿಮೀರಿ ಬಿಸಿಯಾಗುವ ಅಪಾಯವನ್ನು ತಗ್ಗಿಸಲು ಗೂಗಲ್ 2025ರ ಜುಲೈನಲ್ಲಿ ಕಡ್ಡಾಯ ಅಪ್‌ಡೇಟ್ ಹೊರಡಿಸಿ, 400 ಚಾರ್ಜ್ ಸುತ್ತುಗಳ ನಂತರ ಕೆಲವು 6ಎಗಳ ಬ್ಯಾಟರಿ ಸಾಮರ್ಥ್ಯವನ್ನು ಮೊಟಕುಗೊಳಿಸಿತು.

ಆವೃತ್ತಿಯ ಸಂಖ್ಯೆಗೆ ಎರಡೂ ಕಡೆ ಒಂದೇ ತೂಕವಿಲ್ಲ. ಐಫೋನಿನಲ್ಲಿ ಸಫಾರಿಯೂ ಇತರ ಬ್ರೌಸರುಗಳು ಆಧರಿಸುವ ವೆಬ್‌ಕಿಟ್ ಎಂಜಿನ್ನೂ ಐಒಎಸ್ ಜೊತೆಗೇ ನವೀಕರಣಗೊಳ್ಳುವುದರಿಂದ ಅಪ್‌ಡೇಟ್ ನಿಂತರೆ ಬ್ರೌಸರೂ ನಿಂತಂತೆ. ಆಂಡ್ರಾಯ್ಡ್‌ನಲ್ಲಿ ಕ್ರೋಮ್ ಪ್ಲೇ ಸ್ಟೋರ್‌ನಿಂದ ಬರುತ್ತದೆ, ಆಂಡ್ರಾಯ್ಡ್ 10ರಿಂದೀಚೆಗೆ ವ್ಯವಸ್ಥೆಯ ಹಲವು ಒಳಭಾಗಗಳೂ ಅದೇ ದಾರಿಯಲ್ಲಿ ಬರುತ್ತವೆ. ಯಾರಾದರೂ ಕೈಯಿಂದ ಫೋನು ಕಿತ್ತು ಓಡಿದರೆ ತಾನೇ ಲಾಕ್ ಆಗುವ ಸೌಲಭ್ಯವನ್ನು ಆಂಡ್ರಾಯ್ಡ್ 15ರ ಹೊತ್ತಿಗೆ ಪ್ರಕಟಿಸಿದರೂ ಅದು ಆಂಡ್ರಾಯ್ಡ್ 10ರ ಫೋನುಗಳಿಗೂ ದಕ್ಕಿತು. 2025ರ ಸೆಪ್ಟೆಂಬರ್ 15ರಂದು ಬಂದ ಐಒಎಸ್ 26 ಎಕ್ಸ್‌ಆರ್‌ಅನ್ನು ಕೈಬಿಟ್ಟಾಗ ನಾನು ಗಾಬರಿಯಾಗದಿದ್ದುದಕ್ಕೆ ಕಾರಣ, ಅದೇ ದಿನ ಹಳೆಯ ಫೋನುಗಳಿಗಾಗಿ ಭದ್ರತಾ ತಿದ್ದುಪಡಿಗಳೊಂದಿಗೆ 18.7 ಬಂದದ್ದು. 6ಎಗೆ ಗೂಗಲ್ 2027ರ ಜುಲೈವರೆಗೆ ಅಪ್‌ಡೇಟ್ ಕೊಡುವುದಾಗಿ ಹೇಳಿದೆ.

ಆದರೆ ಹಳೆಯ ಆ್ಯಪ್‌ಗಳ ವಿಷಯದಲ್ಲಿ ಆಂಡ್ರಾಯ್ಡ್ 15 ಬಿಗಿಯಾಗಿದೆ. ಆಂಡ್ರಾಯ್ಡ್ 7ಕ್ಕಿಂತ ಹಿಂದಿನ ಆವೃತ್ತಿಗಳನ್ನು ಗುರಿಯಾಗಿಟ್ಟು ತಯಾರಿಸಿದ ಆ್ಯಪ್‌ಗಳನ್ನು ಹೊಸದಾಗಿ ಹಾಕಿಕೊಳ್ಳಲು ಅದು ಬಿಡುವುದಿಲ್ಲ. ಮೊದಲೇ ಇದ್ದವು ಮಾತ್ರ ಉಳಿಯುತ್ತವೆ. ಪ್ಲೇ ಸ್ಟೋರ್‌ನಿಂದ ಎಂದೋ ಕಣ್ಮರೆಯಾದ, ಜಾಹೀರಾತಿಲ್ಲದ ಪಂಚಾಂಗದ ಆ್ಯಪ್ ಒಂದು ನನ್ನ ಪಿಕ್ಸೆಲ್‌ನಲ್ಲಿದೆ. ಆಂಡ್ರಾಯ್ಡ್ 15ರೊಂದಿಗೇ ಬಂದ ತಮ್ಮನ ಹೊಸ ಫೋನಿಗೆ ಅದರ ಎಪಿಕೆ (ಆ್ಯಪ್ ಹಾಕಿಕೊಳ್ಳಲು ಬಳಸುವ) ಕಡತವನ್ನು ಕಳಿಸಿ ಒತ್ತಿದರೆ, ಹಳೆಯ ಆ್ಯಪ್ ಎಂಬ ಕಾರಣಕ್ಕೆ ಅದು ಒಳಗೆ ಬಿಟ್ಟುಕೊಳ್ಳಲಿಲ್ಲ. ಕಂಪ್ಯೂಟರಿಗೆ ಜೋಡಿಸಿ ಎಡಿಬಿ ಎಂಬ ಡೆವಲಪರ್ ಸಾಧನದ ಆದೇಶ ಕೊಟ್ಟರೆ ಆ ತಡೆಯನ್ನು ದಾಟಬಹುದು. ಅವನಿಗೆ ಹಾಗೆಯೇ ಹಾಕಿಕೊಟ್ಟೆ. ನನ್ನ ಪಿಕ್ಸೆಲ್ ಈಗ ಆಂಡ್ರಾಯ್ಡ್ 16ಕ್ಕೆ ಬಂದಿದೆ, ಸ್ವಲ್ಪ ನಿಧಾನವಾಗಿಯೂ ಇದೆ, ಫೋನಿನಲ್ಲಿರುವುದನ್ನೆಲ್ಲ ಅಳಿಸುವ ಫ್ಯಾಕ್ಟರಿ ರೀಸೆಟ್ ಅನ್ನು ಒಮ್ಮೆ ಮಾಡುವುದು ಒಳ್ಳೆಯದೇ. ಯುಗಾದಿಯವರೆಗಿನ ತಿಥಿ ನಕ್ಷತ್ರಗಳನ್ನು ತಾಯಿಯವರು ಅದೇ ಆ್ಯಪ್‌ನಲ್ಲಿ ನೋಡಿಸಿ ಬರೆದುಕೊಳ್ಳುವುದರಿಂದ ಆ ಕೆಲಸವನ್ನು ಮುಂದೂಡುತ್ತಿದ್ದೇನೆ.