ಒಂಬತ್ತು ಮಳೆಗಾಲ ಕಂಡ ನಮ್ಮನೆ ಸ್ಟೀರಿಯೋ, ಮತ್ತೆ ಅದರ ಎಡಗಡೆ ಸ್ಪೀಕರ್

ಸೌಂಡ್ ಹೆಂಗಿದೆ ಅಂತ ತಿಳ್ಕೊಳ್ಳೋಕೆ ಬಂದಿದ್ರೆ, ಚೆನ್ನಾಗಿದೆ, ಅಷ್ಟೇ. ವಾಟ್ ಎಷ್ಟು, ಓಮ್ ಎಷ್ಟು ಅಂತೆಲ್ಲ ಡಬ್ಬದ ಮೇಲೇ ಬರ್ದಿರತ್ತೆ, ನಾನು ಮತ್ತೆ ಟೈಪ್ ಮಾಡಲ್ಲ. ನಂಗೆ ಹೇಳ್ಬೇಕಾಗಿರೋದು ಎಡಗಡೆ ಸ್ಪೀಕರ್ ಬಗ್ಗೆ. ಕೆಲವು ವರ್ಷ ಜೂನ್ ಬಂತು ಅಂದ್ರೆ, ಗುಡುಗು ಮುಗ್ದು ಮಳೆ ಹಿಡ್ಕೊಂಡು ಒಂದು ವಾರ ಆಗಿರತ್ತೆ, ಅಪ್ಪ ಸಂಜೆ ತಾಳಮದ್ದಳೆ ಹಾಕ್ಕೊಂಡು ಕೂತಿರ್ತಾರೆ, ಇದ್ದಕ್ಕಿದ್ದಂಗೆ ಒಳಗಿಂದ ಕೂಗು: "ಏ, ಮದ್ದಳೆ ಎಲ್ಲೋ?"

ಮದ್ದಳೆ ಆ ರೆಕಾರ್ಡಿಂಗಲ್ಲಿ ಎಡಗಡೆ ಇರೋದು. ಎಡಗಡೆ ಸತ್ತಿದೆ ಅಂತ ಅರ್ಥ.

ನಮ್ಮೂರು ತೀರ್ಥಹಳ್ಳಿ ಕಡೆ. ಇಲ್ಲಿ ಮಳೆಗಾಲದಲ್ಲಿ ಬೆಲ್ಟು, ಚಪ್ಪಲಿ, ಪುಸ್ತಕ ಎಲ್ಲದಕ್ಕೂ ಬೂಷ್ಟು ಬರತ್ತೆ, ಬೆಂಗ್ಳೂರಲ್ಲಿ ಕೂತು ರಿವ್ಯೂ ಬರೆಯೋರಿಗೆ ಇದೆಲ್ಲ ಗೊತ್ತಾಗಲ್ಲ. ಅವ್ರು ಹದಿನೈದು ದಿನ ಇಟ್ಕೊಂಡು ಐದು ಸ್ಟಾರ್ ಕೊಟ್ಟು ವಾಪಸ್ ಕಳ್ಸ್‌ತಾರೆ. ನಂದು 2016ರ ದೀಪಾವಳಿಲಿ ತಗೊಂಡಿದ್ದು. ಕಂಪನಿ ಹೆಸರು ಬೇಕಂತಲೇ ಹಾಕ್ತಿಲ್ಲ, ಆ ಮಾಡೆಲ್ ಈಗ ಬರ್ತಿಲ್ಲ, ಹೆಸರು ಹಾಕಿದ್ರೆ ಕೆಳಗಡೆ ಸುಮ್ನೆ ಜಗಳ ಶುರುವಾಗತ್ತೆ.

ಅದಕ್ಕಿಂತ ಮುಂಚೆ ಒಂದು ಹೋಮ್ ಥಿಯೇಟರ್ ಸೆಟ್ ಇತ್ತು ನಮ್ಮನೇಲಿ, ಐದು ಪುಟ್ಟ ಸ್ಪೀಕರು, ಒಂದು ಡಬ್ಬ, ಡಬ್ಬದ ಮೇಲೆ ಸಾವಿರಾರು ವಾಟ್ ಪಿಎಂಪಿಒ ಅಂತ ಸ್ಟಿಕ್ಕರು. ಪಿಎಂಪಿಒ ಅನ್ನೋದು ಒಂದು ಕ್ಷಣಕ್ಕೆ ಹೊಡೆಯೋ ಲೆಕ್ಕ, ನೋಡ್ಬೇಕಾಗಿರೋದು ಆರ್‌ಎಂಎಸ್, ಅಂದ್ರೆ ಒಂದೇ ಸಮ ಕೊಡೋ ಪವರ್ ಅಂತ ಆಮೇಲೆ ಗೊತ್ತಾಯ್ತು, ದುಡ್ಡು ಹೋದ್ಮೇಲೆ. ಮೂರು ವರ್ಷಕ್ಕೆ ಬೋರ್ಡ್ ಹೋಯ್ತು. ಬೋರ್ಡ್ ಸಿಗಲ್ಲ ಅಂದ್ರು. ಸ್ಪೀಕರ್ ಐದೂ ಸರಿ ಇವೆ, ಆದ್ರೆ ಪಿನ್ನೇ ಬೇರೆ, ಇನ್ಯಾವ ಆಂಪ್ಲಿಫೈಯರಿಗೂ ಹಾಕಂಗಿಲ್ಲ. ಇವತ್ತಿಗೂ ಅಟ್ಟದ ಮೇಲಿದೆ, ಅಮ್ಮ ಬಿಸಾಕೋಕೆ ಬಿಡಲ್ಲ.

ಅದಕ್ಕೇ ಈ ಸಲ ಆಂಪ್ಲಿಫೈಯರ್ ಬೇರೆ, ಸ್ಪೀಕರ್ ಬೇರೆ ಅಂತ ತೀರ್ಮಾನ ಮಾಡ್ದೆ. ಒಂದು ಕೆಟ್ರೆ ಇನ್ನೊಂದು ಉಳೀಲಿ. ಬಜೆಟ್ ಮೂವತ್ತು ಸಾವಿರ, ಒಂದು ರೂಪಾಯಿ ಜಾಸ್ತಿ ಇಲ್ಲ. ಬೆಂಗ್ಳೂರಿನ ಎಸ್‌ಪಿ ರೋಡಲ್ಲಿ ಅರ್ಧ ದಿನ ಸುತ್ತಿದೆ. ರೇಡಿಯೋನೂ ಇರೋ ಆಂಪ್ಲಿಫೈಯರ್, ಅಂದ್ರೆ ಸ್ಟೀರಿಯೋ ರಿಸೀವರ್ 17,000, ಐದಿಂಚಿನ ಎರಡು ಬುಕ್‌ಶೆಲ್ಫ್ ಸ್ಪೀಕರ್ 11,000, ವೈರು, ಪಿನ್ನು 600. ಸಬ್‌ವೂಫರ್ ಇಲ್ಲ. ಅಂಗಡಿ ಹುಡುಗ ಎದೆ ಗುದ್ದೋ ಅಂಥ ಡೆಮೋ ಹಾಡು ಹಾಕೋಕೆ ಹೊರಟಿದ್ದ, ನಾನು ಅಪ್ಪನ ಪೆನ್‌ಡ್ರೈವ್ ಕೊಟ್ಟೆ, ಲ್ಯಾಪ್‌ಟಾಪಿಗೆ ಹಾಕಿ ತಾಳಮದ್ದಳೆ ಪ್ಲೇ ಮಾಡ್ದ. ಪಾಪ ಅವನ ಮುಖ ನೋಡ್ಬೇಕಿತ್ತು. ಅಂಗಡಿ ತುಂಬ ಅರ್ಥಧಾರಿಗಳ ಮಾತು, ಬಂದ ಗಿರಾಕಿಗಳೆಲ್ಲ ತಿರುಗಿ ನೋಡ್ತಿದ್ದಾರೆ. ಆದ್ರೆ ಮನುಷ್ಯರ ದನಿ ಹೆಂಗಿರ್ಬೇಕು ಅಂತ ಯಾರಿಗಾದ್ರೂ ಗೊತ್ತಿರತ್ತೆ, ಒಂದು ಸ್ಪೀಕರಲ್ಲಿ ಮೂಗಲ್ಲಿ ಮಾತಾಡ್ದಂಗೆ ಕೇಳ್ತು, ಇನ್ನೊಂದರಲ್ಲಿ ಡ್ರಮ್ ಒಳಗೆ ಕೂತು ಮಾತಾಡ್ದಂಗೆ, ಮೂರನೇದು ತಗೊಂಡೆ.

ಅಲ್ಲೇ ಸೆಕೆಂಡ್ ಹ್ಯಾಂಡ್ ದೊಡ್ಡ ಸ್ಪೀಕರ್ ಜೋಡಿ ಒಂದು ಒಂಬತ್ತು ಸಾವಿರಕ್ಕಿತ್ತು, ಮರದ ಕ್ಯಾಬಿನೆಟ್ಟು, ಮನಸ್ಸು ಎಳೀತು. ಜಾಲರಿ ತೆಗ್ದು ಕೋನ್ ಸುತ್ತ ಇರೋ ಅಂಚನ್ನ ಬೆರಳಲ್ಲಿ ಮುಟ್ಟಿದೆ, ಚಾಯಲ್ಲಿ ಅದ್ದಿದ ರಸ್ಕ್ ಥರ ಬೆರಳಿಗೇ ಬಂತು. ಫೋಮ್ ಅಂಚು ಇರೋವು ಹತ್ತು ಹದಿನೈದು ವರ್ಷಕ್ಕೆ ಹಿಂಗೇ ಪುಡಿ ಆಗತ್ತೆ, ತೇವ ಇರೋ ಊರಲ್ಲಿ ಇನ್ನೂ ಬೇಗ. ರಬ್ಬರ್ ಅಂಚು ಇದ್ರೆ ಭಯ ಇಲ್ಲ. ಹಳೇದು ತಗೊಳ್ಳೋರು ಬೇರೇನೂ ನೋಡ್ದೆ ಇದ್ರೂ ಇದನ್ನ ಮುಟ್ಟಿ ನೋಡಿ.

ಎರಡು ಮಳೆಗಾಲ ಏನೂ ಆಗ್ಲಿಲ್ಲ. ಮೂರನೇದ್ರಲ್ಲಿ ಎಡಗಡೆ ಹೋಯ್ತು. ಯಾವತ್ತು ಹೋಗಿದ್ದು ಅಂತಾನೂ ಗೊತ್ತಿಲ್ಲ, ಯಾಕಂದ್ರೆ ಆ ವಾರವೆಲ್ಲ ಅಮ್ಮ ಪಿ.ಬಿ. ಶ್ರೀನಿವಾಸ್ ಕಾಲದ ಹಾಡು ಹಾಕಿದ್ರು, ಆಗಿನ ಸಿನಿಮಾ ಹಾಡೆಲ್ಲ ಮೋನೋ, ಎರಡೂ ಕಡೆ ಒಂದೇ ಬರೋದು, ಒಂದು ಬಾಯಿ ಮುಚ್ಚಿದ್ರೆ ಯಾರಿಗೂ ಗೊತ್ತಾಗಲ್ಲ. ಅಪ್ಪನ ಮದ್ದಳೆ ಕಳ್ದಾಗ್ಲೇ ವಿಷ್ಯ ಹೊರಗೆ ಬಂತು.

ಸ್ಪೀಕರೇ ಹೋಯ್ತು ಅಂತ ತಲೆ ಮೇಲೆ ಕೈ ಹೊತ್ತು ಕೂತೆ. ಆಮೇಲೆ ಆಂಪ್ ಆಫ್ ಮಾಡಿ ಹಿಂದಿನ ವೈರು ಅದಲು ಬದಲು ಮಾಡ್ದೆ, ಎಡದ್ದು ಬಲಕ್ಕೆ ಬಲದ್ದು ಎಡಕ್ಕೆ. ಈಗ ಬಲಗಡೆ ಸ್ಪೀಕರ್ ಸುಮ್ನಾಯ್ತು. ಅಂದ್ರೆ ಸ್ಪೀಕರ್ ಸರಿ ಇದೆ, ರೋಗ ಆಂಪಲ್ಲಿ. ಒಂದು ಪೈಸೆ ಖರ್ಚಿಲ್ಲದ ಟೆಸ್ಟ್ ಇದು, ರಿಪೇರಿಗೆ ಒಯ್ಯೋ ಮುಂಚೆ ಮಾಡ್ಕೊಳ್ಳಿ.

ಇನ್ನೊಂದು ವಿಚಿತ್ರ. ವಾಲ್ಯೂಮ್ ಜೋರು ಮಾಡಿದ್ರೆ ಟಪ್ ಅಂತ ಎಡಗಡೆ ಬರ್ತಿತ್ತು! ಬಂದ್ಮೇಲೆ ಕಮ್ಮಿ ಮಾಡಿದ್ರೂ ಅರ್ಧ ಗಂಟೆ ಇರ್ತಿತ್ತು, ಮತ್ತೆ ಮೆಲ್ಲಗೆ ಕರಗಿ ಹೋಗೋದು. ಹಿಂಗಾಗಿ ನಮ್ಮನೇಲಿ ಒಂದು ಪದ್ಧತಿನೇ ಶುರುವಾಯ್ತು, ಅಪ್ಪ ಸ್ನಾನ ಮುಗ್ಸಿ ಆಂಪ್ ಆನ್ ಮಾಡೋದು, ಒಳಗೆ ಕ್ಲಿಕ್ ಅಂತ ಸದ್ದಾಗೋವರೆಗೆ ಮೂರ್ನಾಕು ಸೆಕೆಂಡ್ ಕಾಯೋದು, ಆಮೇಲೆ ಗುಂಡಿನ ಒಂದು ಸಲ ಜೋರಾಗಿ ತಿರುಗ್ಸಿ ಪೂರ್ತಿ ಊರಿಗೇ ಸುಪ್ರಭಾತ ಕೇಳ್ಸಿ ತಕ್ಷಣ ಇಳ್ಸೋದು. ಹೊಸದಾಗಿ ಮನೆಗೆ ಬಂದೋರು ಬೆಚ್ಚಿ ಬೀಳ್ತಿದ್ರು.

ಆ ವರ್ಷ ಈ ಸೆಟ್ ಬಗ್ಗೆ ರಿವ್ಯೂ ಬರೆದಿದ್ರೆ ಒಂದು ಸ್ಟಾರ್ ಕೊಡ್ತಿದ್ದೆ. ಸರ್ವಿಸ್ ಸೆಂಟರಿಗೆ ಹೊತ್ಕೊಂಡು ಹೋದೆ, ಎಂಟು ಕೆಜಿ ಹತ್ರ ತೂಕ, ಬಸ್ಸಲ್ಲಿ ಮಡಿಲಲ್ಲಿ ಮಗು ಥರ ಇಟ್ಕೊಂಡು. ಅಲ್ಲಿ ಕೂತಿದ್ದೋನು ಮುಚ್ಚಳಾನೂ ತೆಗೀಲಿಲ್ಲ. "ಬೋರ್ಡ್ ಚೇಂಜ್ ಸಾರ್, 9,000 ಆಗತ್ತೆ, ಪಾರ್ಟ್ ಬರೋಕೆ ಎರಡು ತಿಂಗಳು" ಅಂದ. ಹದಿನೇಳು ಸಾವಿರದ ವಸ್ತುಗೆ ಒಂಬತ್ತು ಸಾವಿರ! ಹಂಗೇ ಮಡಿಲಲ್ಲಿಟ್ಕೊಂಡು ವಾಪಸ್ ಬಂದೆ.

ಅಪ್ಪನೇ ಪೇಟೆಲಿ ಹಳೇ ರೇಡಿಯೋ, ಮಿಕ್ಸಿ ರಿಪೇರಿ ಅಂಗಡಿಗೆ ಕರ್ಕೊಂಡು ಹೋದ್ರು. ಅಂಗಡಿ ಅಂದ್ರೆ ಒಂದು ಬಾಗ್ಲಷ್ಟು ಅಗಲ. ಯಜಮಾನ್ರು ನನ್ನ ಕಥೆ ಎಲ್ಲ ಕೇಳ್ಸ್ಕೊಂಡ್ರು, "ಜೋರು ಮಾಡಿದ್ರೆ ಬರತ್ತಾ?" ಅಂದ್ರು. ಹೌದು ಅಂದೆ. "ರಿಲೇ ಮಾರಾಯ್ರೆ, ಬೋರ್ಡೂ ಅಲ್ಲ ಎಂಥದ್ದೂ ಅಲ್ಲ" ಅಂದು ನಕ್ಕರು.

ಆನ್ ಮಾಡಿದ್ಮೇಲೆ ಕ್ಲಿಕ್ ಅನ್ನತ್ತಲ್ಲ, ಅದೇ ರಿಲೇ. ಆಂಪ್ ಕೆಟ್ಟು ಡಿಸಿ ಕರೆಂಟ್ ಹೊರಗೆ ಬಂದ್ರೆ ಸ್ಪೀಕರ್ ಸುಟ್ಟು ಹೋಗ್ಬಾರ್ದು ಅಂತ ಮಧ್ಯ ಇಟ್ಟಿರೋ ಬಾಗ್ಲು. ಒಳಗೆ ಎಡಕ್ಕೊಂದು ಬಲಕ್ಕೊಂದು ಅಂತ ಎರಡು ಜೊತೆ ಪುಟ್ಟ ಲೋಹದ ಬೊಟ್ಟು, ಒಂದಕ್ಕೊಂದು ತಾಗಿದ್ರೆ ಸೌಂಡ್ ಹೋಗತ್ತೆ. ತೇವಕ್ಕೆ ಆ ಬೊಟ್ಟು ಕಪ್ಪಾಗತ್ತೆ. ಜೋರಾಗಿ ಕೇಳೋರ ಮನೇಲಿ ಹೆಚ್ಚು ಕರೆಂಟ್ ಹರಿದು ಕಪ್ಪು ಪೊರೆನ ಅದೇ ಒಡೀತಾ ಇರತ್ತೆ, ಮೆಲ್ಲಗೆ ಕೇಳೋರ ಮನೇಲಿ ಪೊರೆ ದಪ್ಪ ಆಗ್ತಾ ಹೋಗತ್ತೆ. ನಾವು ಕೇಳೋ ಸೌಂಡಿಗೆ ಒಂದು ವಾಟೂ ಬೇಡ. ನೂರು ವಾಟಿನ ಆಂಪ್ ತಗೊಂಡು ಒಂದು ವಾಟಲ್ಲಿ ಪಿಸುಪಿಸು ಕೇಳಿದ್ದಕ್ಕೆ ಬಂದ ಕಾಯಿಲೆ ಇದು ಅಂತ ಗೊತ್ತಾದಾಗ ನಂಗೆ ಕೋಪ ಹೋಗಿ ನಗು ಬಂತು.

ರಿಲೇ ಪ್ಲಾಸ್ಟಿಕ್ ಟೊಪ್ಪಿ ತೆಗ್ದು ತೋರ್ಸಿದ್ರು, ಬೊಟ್ಟು ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು, ಎಡಗಡೇದು ಒಲೆ ಮೇಲಿನ ಹೆಂಚಿನ ಥರ. ಮರಳು ಕಾಗದ ಬಳಸ್ಲಿಲ್ಲ, ಉಜ್ಜಿದ್ರೆ ಮೇಲಿನ ಲೇಪ ಹೋಗತ್ತಂತೆ. ಯಾರದ್ದೋ ವಿಸಿಟಿಂಗ್ ಕಾರ್ಡನ್ನ ಉದ್ದಕ್ಕೆ ಕತ್ತರ್ಸಿ, ಸ್ಪಿರಿಟಲ್ಲಿ ಅದ್ದಿ, ಎರಡು ಬೊಟ್ಟಿನ ಮಧ್ಯ ಇಟ್ಟು ಮೆಲ್ಲಗೆ ಎಳೆದ್ರು. ಕಾರ್ಡಿನ ಮೇಲೆ ಕಾಡಿಗೆ ಎಳೆದಂಗೆ ಒಂದು ಗೆರೆ ಬಂತು. ಮತ್ತೆ ಎಳೆದ್ರು, ಇನ್ನೊಂದು ಗೆರೆ, ತೆಳು. ಮೂರನೇ ಸಲ ಕಾರ್ಡ್ ಬೆಳ್ಳಗೇ ಬಂತು. 150 ರೂಪಾಯಿ. ಮುಂದಿನ ವರ್ಷ ಮತ್ತೆ ಹೋಯ್ತು, ಆಗ ಹೊಸ ರಿಲೇ ಹಾಕಿದ್ರು, 24 ವೋಲ್ಟಿಂದು, ಕೂಲಿ ಸೇರಿ 450. ಮನೇಲಿ ಯಾರೂ ಇದನ್ನ ನೋಡಿ ಸ್ಕ್ರೂಡ್ರೈವರ್ ಹಿಡ್ಕೊಂಡು ಕೂರ್ಬೇಡಿ, ಪ್ಲಗ್ ಕಿತ್ತಿದ್ರೂ ಒಳಗಿನ ದೊಡ್ಡ ಕೆಪ್ಯಾಸಿಟರಲ್ಲಿ ಚಾರ್ಜ್ ಉಳಿದಿರತ್ತೆ.

ಆವತ್ತಿಂದ ನಾನು ಈ ಸೆಟ್ ನೋಡೋ ರೀತಿನೇ ಬೇರೆ ಆಯ್ತು. ಆರು ಸ್ಕ್ರೂ ತೆಗೆದ್ರೆ ಮುಚ್ಚಳ ಬರತ್ತೆ, ಒಳಗಿನ ಪಾರ್ಟ್ ಕಣ್ಣಿಗೆ ಕಾಣೋ ಸೈಜಲ್ಲಿದೆ, ಮೇಲೆ ನಂಬರ್ ಇದೆ. ಅಟ್ಟದ ಮೇಲಿರೋದ್ರ ಮುಚ್ಚಳ ತೆಗೆಯೋಕೇ ಒಂದು ಗಂಟೆ ಬೇಕಾಗಿತ್ತು.

ಕೆಟ್ಟಿದ್ದು ಅದೊಂದೇ ಅಲ್ಲ. ಒಂದ್ಸಲ ಬೆಚ್ಚಗಿದೆ ಅಂತ ಹಲ್ಲಿ ಒಳಗೆ ಹೋಗಿ ಮಲ್ಗಿ ಫ್ಯೂಸ್ ಸುಡ್ತು, ಹಲ್ಲಿ ಕಥೆ ಬಿಡಿ. ಜೊತೆಗೆ ಒಂದು ಟ್ರಾನ್ಸಿಸ್ಟರ್ ಹೋಗಿ 900 ಆಯ್ತು. ಈಗ ಮೇಲಿನ ಕಿಂಡಿಗೆ ಸೊಳ್ಳೆ ಜಾಲರಿ ತುಂಡು ಅಂಟ್ಸಿದೀನಿ, ಗಾಳಿ ಆಡತ್ತೆ ಹಲ್ಲಿ ಆಡಲ್ಲ. ವಾಲ್ಯೂಮ್ ಗುಂಡಿ ಕರಕರ ಅಂದಾಗ ಕಾಂಟ್ಯಾಕ್ಟ್ ಕ್ಲೀನರ್ ಅಂತ ಸ್ಪ್ರೇ ಬರತ್ತೆ, ಡಬ್ಬ 400, ಅದನ್ನ ಯಜಮಾನ್ರ ಕೈಗೇ ಕೊಟ್ಟೆ. ತೇವಕ್ಕೆ ಕಪಾಟಲ್ಲಿ ಒಂದು ಬಲ್ಬ್ ಉರಿಸೋದು ನಮ್ಮ ಕಡೆ ಹಳೇ ಉಪಾಯ, ಕ್ಯಾಮೆರಾ ಲೆನ್ಸಿಗೆ ಫಂಗಸ್ ಬರ್ದಂಗೆ ಸ್ಟುಡಿಯೋದೋರೂ ಮಾಡ್ತಾರೆ. ಆದ್ರೆ ಎಲ್‌ಇಡಿ ಬಲ್ಬಲ್ಲಿ ಬಿಸಿ ಎಲ್ಲಿಂದ ಬರ್ಬೇಕು, ತಂತಿ ಇರೋ ಹಳೇ ಹದಿನೈದು ವಾಟಿಂದೇ ಆಗ್ಬೇಕು, ಅದನ್ನ ಹುಡುಕೋದೇ ಈಗ ಕಷ್ಟ. ಮೂರು ತಂದಿಟ್ಕೊಂಡಿದೀನಿ.

ಲೆಕ್ಕ ಹಾಕಿದ್ರೆ ತಗೊಂಡಿದ್ದು 28,600, ಈ ಜೂನಿಂದು ಬಿಟ್ಟು ರಿಪೇರಿ ಎಲ್ಲ ಸೇರಿ 1,900. ಒಂಬತ್ತು ವರ್ಷಕ್ಕೆ ಹಂಚಿದ್ರೆ ತಿಂಗಳಿಗೆ ಮುನ್ನೂರೂ ಆಗಲ್ಲ, ನಮ್ಮ ಡಿಶ್ ರೀಚಾರ್ಜಿಗಿಂತ ಕಮ್ಮಿ.

ನಾನು ನಿರೀಕ್ಷೆನೇ ಮಾಡ್ದೆ ಇದ್ದಿದ್ದು ರೇಡಿಯೋ. ತಗೊಳ್ಳುವಾಗ ಯಾರು ಕೇಳ್ತಾರೆ ಅಂದ್ಕೊಂಡಿದ್ದೆ. ಬೆಳಿಗ್ಗೆ ಆಕಾಶವಾಣಿ ಭದ್ರಾವತಿ, ಮೀಡಿಯಂ ವೇವ್ 675 ಕಿಲೋಹರ್ಟ್ಸ್. ಅಮ್ಮ ಕಾಫಿ ಡಿಕಾಕ್ಷನ್ ಇಳಿಯೋಕೆ ಹಾಕಿ ಬಂದು ಮೊದ್ಲು ಹಾಲಿನ ಎಲ್‌ಇಡಿ ಟ್ಯೂಬ್ ಆಫ್ ಮಾಡ್ತಾರೆ, ಅದು ಆನ್ ಇದ್ರೆ ರೇಡಿಯೋ ಜುಯ್ ಅನ್ನತ್ತೆ. ಆಮೇಲೆ ಕಿಟಕಿ ಹತ್ರ ಇಟ್ಟಿರೋ ಪ್ಲಾಸ್ಟಿಕ್ ಚೌಕಟ್ಟಿನ ಆಂಟೆನಾನ ಒಂದಿಂಚು ತಿರುಗ್ಸ್‌ತಾರೆ, ದಿನಾ ತಿರುಗ್ಸೋ ಅಗತ್ಯ ಇಲ್ಲ, ಆದ್ರೂ ತಿರುಗ್ಸ್‌ತಾರೆ. ಕತ್ತಲಲ್ಲಿ ಮಳೆ ಸದ್ದಿನ ಮಧ್ಯ ವಾರ್ತೆ, ಡಿಸ್‌ಪ್ಲೇದು ಕಿತ್ತಳೆ ಬೆಳಕು ಮಾತ್ರ, ಕಾಫಿ ವಾಸನೆ. ಹದಿನೇಳು ಸಾವಿರದಲ್ಲಿ ಹತ್ತು ಸಾವಿರ ಇದಕ್ಕೇ ಕೊಟ್ಟಿದ್ದು ಅಂತ ಈಗ ಅನ್ಸತ್ತೆ.

ಹಾಂ, ಅಮೆರಿಕದಿಂದ ಯಾರೋ ತಂದು ಮಾರೋ ಹಳೇ ರಿಸೀವರ್ ತಗೊಳ್ಳೋರಿಗೆ ಒಂದು ಮಾತು. ಅದು 120 ವೋಲ್ಟಿಂದು ಅಂತ ಎಲ್ರಿಗೂ ಗೊತ್ತು, ಟ್ರಾನ್ಸ್‌ಫಾರ್ಮರ್ ಹಾಕ್ಕೊತಾರೆ. ಆದ್ರೆ ಅಲ್ಲಿ ಮೀಡಿಯಂ ವೇವ್ ಹತ್ತು ಹತ್ತು ಕಿಲೋಹರ್ಟ್ಸ್ ಆಗಿ ಹೋಗತ್ತೆ, ನಮ್ಮಲ್ಲಿ ಒಂಬತ್ತೊಂಬತ್ತಾಗಿ. ಡಿಜಿಟಲ್ ಟ್ಯೂನಿಂಗ್ ಇರೋದ್ರಲ್ಲಿ ಬದಲಾಯ್ಸೋ ಸ್ವಿಚ್ ಇಲ್ದೆ ಇದ್ರೆ 670 ಆದ್ಮೇಲೆ 680 ಬರತ್ತೆ, ಭದ್ರಾವತಿ ಮಧ್ಯ ಸಿಕ್ಕಾಕ್ಕೊಂಡು ಹೋಗತ್ತೆ.

ಬ್ಲೂಟೂತ್, ವೈಫೈ ಎಲ್ಲ ಒಳಗೇ ಇರೋದು ತಗೊಳ್ಳೋದಾ ಅಂತ ಕೇಳ್ತಾರೆ ಸುಮಾರು ಜನ. ಐಪಾಡ್ ಕೂರ್ಸೋ 30 ಪಿನ್ ಡಾಕ್ ಇರೋ ಸೆಟ್ಟುಗಳು ನೆನಪಿದ್ಯಾ, 2012ರಲ್ಲಿ ಪಿನ್ನೇ ಬದಲಾಯ್ತು, ಅಷ್ಟು ಡಾಕೂ ಅನಾಥ. ವೈಫೈಲಿ ಹಾಡು ಹಾಕೋಕೆ ಅಂತ ಗೂಗಲ್‌ನೋರ ಕ್ರೋಮ್‌ಕಾಸ್ಟ್ ಆಡಿಯೋ 2015ರಲ್ಲಿ ಬಂತು, 2019ರ ಜನವರಿಗೆಲ್ಲ ತಯಾರಿಕೆ ನಿಲ್ಸಿದ್ರು. ಹಿಂದುಗಡೆ ಇರೋ ಕೆಂಪು ಬಿಳಿ ತೂತು ಮಾತ್ರ ನಮ್ಮಪ್ಪ ಟೇಪ್ ರೆಕಾರ್ಡರ್ ಹಾಕೋ ಕಾಲದಿಂದ ಹಂಗೇ ಇದೆ. ನಾನು ಹಳೇ ಫೋನೊಂದನ್ನ ಒಂದು ಪುಟ್ಟ ಡ್ಯಾಕ್ (ಫೋನಿನ ಡಿಜಿಟಲ್ ಸೌಂಡನ್ನ ಅನಲಾಗ್ ಮಾಡೋದು) ಮೂಲಕ ಅದಕ್ಕೆ ಹಾಕಿದೀನಿ, ಫೋನ್ ಸತ್ರೆ ಇನ್ನೊಂದು ಹಳೇ ಫೋನ್. ಡಬ್ಬ ಅದೇ ಇರತ್ತೆ. ಬ್ಲೂಟೂತ್ ಬೇಕೇ ಬೇಕು ಅನ್ನೋರಿಗೆ ಹೊರಗಡೆ ಸಿಕ್ಕಿಸೋ ರಿಸೀವರ್ ಸಾವಿರ ಚಿಲ್ಲರೆಗೆ ಬರತ್ತೆ.

ಬೈಯೋದು ಇನ್ನೊಂದಿದೆ, ರಿಮೋಟ್. ವಾಲ್ಯೂಮ್ ಬಟನ್ ಎರಡೇ ವರ್ಷಕ್ಕೆ ಸವೆದು ಹೋಯ್ತು. ಆದ್ರೆ ಅದ್ರಿಂದಾಗಿ ಎದ್ದು ಹೋಗಿ ಗುಂಡಿ ತಿರುಗ್ಸೋ ಅಭ್ಯಾಸ ಆಯ್ತು, ಅಪ್ಪಂಗೆ ಡಾಕ್ಟ್ರು ಹೇಳಿದ ವಾಕಿಂಗ್ ಅಷ್ಟೇ.

ಈ ಜೂನಲ್ಲೂ ಮದ್ದಳೆ ಹೋಯ್ತು. ರಿಪೇರಿ ಯಜಮಾನ್ರಿಗೆ ಈಗ ಕಣ್ಣು ಅಷ್ಟು ಸರಿ ಇಲ್ಲ, ಮಗ ಮೊಬೈಲ್ ರಿಪೇರಿ ಕಲ್ತಿದ್ದಾನೆ, ಪಕ್ಕದಲ್ಲಿ ನಿಂತು ಇವರು ಹೇಳಿದಂಗೆ ಬೆಸುಗೆ ಹಾಕ್ದ. ದುಡ್ಡು ಕೊಟ್ಟು ಹೊರಡುವಾಗ ಕರೆದು, ಬೀಡ ಕಟ್ಟೋ ಸೈಜಿನ ಪ್ಲಾಸ್ಟಿಕ್ ಕವರಲ್ಲಿ ಅದೇ ನಂಬರಿನ ಇನ್ನೆರಡು ರಿಲೇ ಹಾಕಿ ಕೊಟ್ರು. "ಇಟ್ಕೊಳ್ಳಿ ಮಾರಾಯ್ರೆ, ಆಮೇಲೆ ಸಿಗುತ್ತೋ ಇಲ್ವೋ" ಅಂದ್ರು. ಅಮ್ಮನ ಹೊಲಿಗೆ ಡಬ್ಬದಲ್ಲಿ, ಗುಂಡಿಗಳ ಜೊತೆ ಇಟ್ಟಿದೀವಿ.